ಹೊಳಿ ದಂಡಿಗೆ ಶಾಂಪೂ: ತಪ್ಪು ನೊರೀದೋ, ಪಾಕೀಟಿಂದೋ?

ಮಲಪ್ರಭಾ ದಂಡಿ · ಹುನಗುಂದ
2025ರ ಮಾರ್ಚ್‌ನಾಗ ಪರಿಸರ ಮಂತ್ರಿ ಈಶ್ವರ ಖಂಡ್ರೆ ಅವರು ಒಂದು ಸೂಚನೆ ಕೊಟ್ಟಿದ್ದು ನೆನಪೈತೇನ್ರಿ? ತೀರ್ಥಕ್ಷೇತ್ರದಾಗಿನ ಹೊಳಿ, ಕೆರಿ, ಕಲ್ಯಾಣಿಯಿಂದ 500 ಮೀಟರ್ ಒಳಗ ಸೋಪು, ಶಾಂಪೂ ಮಾರಂಗಿಲ್ಲ ಅಂತ. ಹೊಳ್ಯಾಗ ಅರಬಿ ಬಿಡೋದನ್ನೂ ತಡೀರಿ ಅಂದಿದ್ರು. ಈ ಸಂಕ್ರಮಣಕ್ಕ ನಮ್ಮ ಕಡೆ ಹೊಳಿಗೆ ಹೋದ್ರ ಮೆಟ್ಟಲ ಮ್ಯಾಲ ಕಾಲಿಟ್ಟಲ್ಲೆಲ್ಲಾ ಹರಿದ ಪಾಕೀಟು. ನೀಲಿ, ಹಸರು, ಕರಿ. ಎಳ್ಳು ಹಚ್ಕೊಂಡು ಮುಳುಗೋ ದಿನ ಮಂದಿ ತಲಿ ತುಂಬ ನೊರಿ ಎಬ್ಬಿಸ್ಕೊಂಡು ಕುಂತಿದ್ರು.

ಮನಿಗೆ ಬಂದಮ್ಯಾಲ ವಾದ ಸುರು ಆತು. ನಮ್ಮ ತಮ್ಮ ಅಂತಾನ, ಅಷ್ಟು ದೊಡ್ಡ ಹೊಳಿಗೆ ಒಂದು ಚಮಚಾ ಶಾಂಪೂ ಏನ್ ಮಾಡ್ತೈತಿ? ನಮ್ಮವ್ವ ಅಂತಾಳ, ಶೀಗಿಕಾಯಿ ಇದ್ದಾಗ ಹೊಳಿ ಕೆಟ್ಟಿದ್ದಿಲ್ಲ. ನನಗ ಇಬ್ಬರದೂ ಪೂರ್ತಿ ಒಪ್ಪಿಗಿ ಇಲ್ಲ. ನಾವು ನೊರಿ ಕಂಡು ಬೈತೀವಿ, ಪಾಕೀಟು ತುಳಕೊಂತ ದಾಟಿ ಹೋಗ್ತೀವಿ ಅಂತ ನನ್ನ ಅನಿಸಿಕಿ. ಗೊತ್ತಿದ್ದವರು ಹೇಳ್ರಿ: ಶಾಂಪೂ ನೀರಿಗೆ ಬಿದ್ದಮ್ಯಾಲ ಖರೇನ ಏನಾಗ್ತೈತಿ? ಬ್ಯಾರೆ ದೇಶದಾಗ ಇದಕ್ಕ ಏನ್ ಮಾಡ್ಯಾರ?

ಕರದಂಟು ಪ್ರಿಯ · ಗೋಕಾಕ
500 ಮೀಟರ್ ಆಚೆ ತಗೊಂಡು ಕಿಸೇದಾಗ ಇಟ್ಕೊಂಡು ಬಂದ್ರ ಯಾರು ಜಡ್ತಿ ತಗೋತಾರ್ರಿ?

ಘಟಪ್ರಭಾ ಗಾಳಿ · ಹುಕ್ಕೇರಿ
ಬರೋಬ್ಬರಿ. ಬಡವ ವರ್ಷಕ್ಕೊಮ್ಮೆ ಜಾತ್ರಿಗೆ ಬಂದು ತಲಿ ತೊಳಕೊಂಡ್ರ ಹೊಳಿ ಕೆಡ್ತೈತಿ. ಊರಿನ ಗಟಾರ ಮುನ್ನೂರ ಅರವತ್ತೈದು ದಿನ ಅದೇ ಹೊಳಿಗೆ ಹರದ್ರ ಕೆಡಂಗಿಲ್ಲ. ಬೆಳಗಾವಿ ಬಳ್ಳಾರಿ ನಾಲಾ ಒಮ್ಮೆ ನೋಡ್ಕೊಂಡು ಬರ್ರಿ, ಊರಿನ ಹೊಲಸು ಹೆಂಗ ಹೊಲಕ್ಕ ಹೊಕ್ಕೈತಿ ಅಂತ. ಅಲ್ಲಿಂದ ಈಕಡೆ ಮಾತಾಡೂಣು.

ಕಿರಾಣಿ ಕಟ್ಟಿ · ಮುದ್ದೇಬಿಹಾಳ
ಅಂಗಡಿ ಇಟ್ಟವನ ಮಾತೂ ಒಂದಿಷ್ಟು ಕೇಳ್ರಿ. ನನ್ನ ಅಂಗಡಿ ಮುಂದ ಪಾಕೀಟಿನ ಸರ ಜೋತು ಬಿದ್ದಿರ್ತದ, ಬಾಟಲಿ ಒಳಗ ಧೂಳ ತಿಂತದ. ಸಂತಿ ದಿನ ಕೂಲಿ ಮುಗಿಸ್ಕೊಂಡು ಬರೋ ಹೆಣಮಕ್ಕಳು ಚಾಪುಡಿ, ಎಣ್ಣಿ, ಎರಡು ಪಾಕೀಟು ಶಾಂಪೂ ಅಂತಾರ. ಅವರಿಗೆ ನೂರಾರು ರೂಪಾಯಿ ಬಾಟಲಿ ತಗೋರಿ ಅಂತ ಹೇಳೋ ಧೈರ್ಯ ನನಗಿಲ್ಲ.

ಇನ್ನೊಂದು ಮಾತು. ಭಾಳ ಮಂದಿ "ಸಣ್ಣದು ತಗೊಂಡ್ರ ತುಟ್ಟಿ ಬೀಳ್ತದ" ಅಂತಾರಲ್ಲ, ಶಾಂಪೂದಾಗ ಅದು ಉಲ್ಟಾ ಅದ. ಒಂದು ರೂಪಾಯಿ ಪಾಕೀಟಿನಾಗ ಐದಾರು ಮಿಲಿಲೀಟರ್ ಇರ್ತದ. ಅದೇ ಬ್ರಾಂಡಿನ ಬಾಟಲಿ ತಗೊಂಡು ಮಿಲಿಲೀಟರಿಗೆ ಭಾಗಿಸಿ ನೋಡ್ರಿ, ಎಷ್ಟೋ ಸಲ ಪಾಕೀಟೇ ಸಸ್ತಾ. ರೊಕ್ಕ ಇದ್ದವರೂ ಸರ ಹರಕೊಂಡು ಒಯ್ತಾರ. ಬಡವರ ಮ್ಯಾಲ ಹಾಕಬ್ಯಾಡ್ರಿ.

ಮಲಪ್ರಭಾ ದಂಡಿ · ಹುನಗುಂದ
ಯಾರ ಮ್ಯಾಲೂ ಹಾಕಾಕತ್ತಿಲ್ಲ ಸಾಹುಕಾರ್ರ. ನಾನೂ ನಿಮ್ಮಂಥವರ ಅಂಗಡ್ಯಾಗ ಸರ ಹರದು ತಂದವಳ.

ಕಿರಾಣಿ ಕಟ್ಟಿ · ಮುದ್ದೇಬಿಹಾಳ
ಸಾಹುಕಾರ ಅನಬ್ಯಾಡ್ರಿ, ಉದ್ರಿ ಪುಸ್ತಕ ನೋಡಿದ್ರ ಅಳು ಬರ್ತದ.

ರಸಾಯನ ಮಾಸ್ತರ · ಬಾಗಲಕೋಟೆ
ನೀರಿಗೆ ಬಿದ್ದ ಮೇಲೆ ಏನಾಗುತ್ತದೆ ಎಂದು ಕೇಳಿದ್ದೀರಿ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಬಾಟಲಿಯೊಳಗಿನ ಶಾಂಪೂವಿನಲ್ಲಿ ನೂರಕ್ಕೆ ಎಪ್ಪತ್ತು–ಎಂಬತ್ತು ಪಾಲು ನೀರೇ. ಉಳಿದದ್ದರಲ್ಲಿ ಮುಖ್ಯವಾದದ್ದು ಜಿಡ್ಡು ತೆಗೆದು ನೊರೆ ಎಬ್ಬಿಸುವ ವಸ್ತು. ಹೆಚ್ಚಿನವುಗಳಲ್ಲಿ ಅದು ಸೋಡಿಯಂ ಲಾರೆತ್ ಸಲ್ಫೇಟ್. ಅದನ್ನು ಮಾಡುವುದು ಬಹುಪಾಲು ತಾಳೆ ಬೀಜದ ಎಣ್ಣೆಯಿಂದ ಅಥವಾ ಕೊಬ್ಬರಿ ಎಣ್ಣೆಯಿಂದ. ತಾಳೆ ಎಣ್ಣೆ ಬರುವುದು ಮುಖ್ಯವಾಗಿ ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಅಲ್ಲಿ ಕಾಡು ಕಡಿದು ತೋಟ ಹಾಕಿದ ಕಥೆ ನಿಮಗೆ ಗೊತ್ತಿರಬಹುದು. ಅಂದರೆ ನಮ್ಮ ತಲೆ ತೊಳೆಯುವ ಮೊದಲೇ ಒಂದು ಕಾಡಿಗೆ ಪೆಟ್ಟು ಬಿದ್ದಿರುತ್ತದೆ. ಆದರೆ ಆ ವಸ್ತು ಕೆಟ್ಟ ಹಟಮಾರಿಯಲ್ಲ. ನೀರಿನಲ್ಲಿ ಆಮ್ಲಜನಕ ಇದ್ದರೆ ಬ್ಯಾಕ್ಟೀರಿಯಾಗಳು ಕೆಲವೇ ದಿನಗಳಲ್ಲಿ ಒಡೆದು ತಿಂದು ಮುಗಿಸುತ್ತವೆ.

ತಕರಾರು ಇರುವುದು ನಿಂತ ನೀರಿನಲ್ಲಿ. ಹರಿಯುವ ಕೃಷ್ಣೆಗೂ ನಾಲ್ಕು ಕಡೆ ಮೆಟ್ಟಿಲು ಕಟ್ಟಿದ ಹೊಂಡಕ್ಕೂ ವ್ಯತ್ಯಾಸವಿದೆ. ಹೊಂಡದಲ್ಲಿ ಜಾತ್ರೆಯ ದಿನ ಸಾವಿರಾರು ಜನ ತಲೆ ತೊಳೆದರೆ, ಅದನ್ನು ಒಡೆಯುವ ಕೆಲಸದಲ್ಲೇ ನೀರಿನ ಆಮ್ಲಜನಕ ಖರ್ಚಾಗುತ್ತದೆ, ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. ಯಲ್ಲಮ್ಮನ ಗುಡ್ಡದ ಕೆಳಗಿನ ಜೋಗುಳಬಾವಿಯಂಥ ಜಾಗಗಳಲ್ಲಿ ನಿಯಮ ಅರ್ಥಪೂರ್ಣ. ಮಳೆಗಾಲದ ಆಲಮಟ್ಟಿ ಹಿನ್ನೀರಿಗೆ ಅದೇ ಮಾತು ಅಷ್ಟು ಹೊಂದುವುದಿಲ್ಲ.

ನೊರೆ ಎಷ್ಟಿದೆ ಎಂಬುದು ಕೊಳೆ ಎಷ್ಟಿದೆ ಎಂಬುದರ ಅಳತೆಯಲ್ಲ. ನೊರೆ ಬಾರದೆಯೂ ಕಾಟ ಕೊಡುವ ವಸ್ತುಗಳಿವೆ. ತಲೆಹೊಟ್ಟಿನ ಶಾಂಪೂಗಳಲ್ಲಿ ಬಳಸುವ ಜಿಂಕ್ ಪೈರಿಥಿಯೋನ್ ಜಲಚರಗಳಿಗೆ ತೀರಾ ವಿಷಕಾರಿ. ಯೂರೋಪಿನ ಒಕ್ಕೂಟ ಅದನ್ನು 2022ರ ಮಾರ್ಚ್‌ನಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಆ ನಿಷೇಧಕ್ಕೆ ಮೂಲ ಕಾರಣ ಮಾತ್ರ ಮೀನಲ್ಲ, ಗರ್ಭದಲ್ಲಿರುವ ಮಗುವಿಗೆ ಹಾನಿಯಾಗಬಹುದೆಂಬ ಭಯ. ಕೂದಲು ನುಣುಪು ಮಾಡುವ ಡಿ4, ಡಿ5 ಎಂಬ ಸಿಲಿಕೋನ್‌ಗಳು ಪರಿಸರದಲ್ಲಿ ಬೇಗ ಕರಗುವುದಿಲ್ಲ. ತೊಳೆದುಬಿಡುವ ವಸ್ತುಗಳಲ್ಲಿ ಅವು ನೂರಕ್ಕೆ 0.1 ಪಾಲು ಮೀರಬಾರದು ಎಂದು ಅಲ್ಲಿ 2020ರಿಂದ ಕಟ್ಟಳೆ ಇದೆ.

ಗೋಳಗುಮ್ಮಟ ಪ್ರತಿಧ್ವನಿ · ವಿಜಯಪುರ
ಮಾಸ್ತರ, ಹೊಟ್ಟಿನ ಶಾಂಪೂ ಅಂದ್ರಿ, ನನ್ನ ಎದಿ ಝಲ್ ಅಂತು. ವರ್ಷಾನುಗಟ್ಟಲೆ ಅದನ್ನೇ ಹಾಕ್ಕೊಂಡೀನಿ. ಡೋಣಿ ಮೀನಿಗೆ ನಂದೊಂದು ಕ್ಷಮಾಪಣೆ.

ಕರದಂಟು ಪ್ರಿಯ · ಗೋಕಾಕ
ಡೋಣಿ ಹೊಳ್ಯಾಗ ಮೀನಿಗಿಂತ ಉಪ್ಪು ಜಾಸ್ತಿ ಐತಿ, ಚಿಂತಿ ಮಾಡಬ್ಯಾಡ.

ಗೋಳಗುಮ್ಮಟ ಪ್ರತಿಧ್ವನಿ · ವಿಜಯಪುರ
ಡೋಣಿ ಬಗ್ಗೆ ಮಾತಾಡಬ್ಯಾಡ್ರಿ, "ಡೋಣಿ ಹರಿದರೆ ಓಣೆಲ್ಲಾ ಜೋಳ" ಅಂತ ಗಾದಿ ಅದ ನಮ್ಮಲ್ಲಿ. ಗೋಕಾಕದವರಿಗೆ ಫಾಲ್ಸ್ ಒಂದು ಬಿಟ್ರ ಏನದ?

ಕರದಂಟು ಪ್ರಿಯ · ಗೋಕಾಕ
ಹೆಸರು ಓದ್ರಿ ನಂದು.

ಇಳಕಲ್ ಸೆರಗು · ಇಳಕಲ್ಲ
ಶೀಗಿಕಾಯಿ ಮಾತು ಬಿಟ್ಟು ಎಲ್ಲೆಲ್ಲೋ ಹೊಂಟ್ರಿ. ನಮ್ಮ ಮನ್ಯಾಗ ಇನ್ನೂ ಅಂಟವಾಳಕಾಯಿ ಐತಿ. ರೇಶಿಮಿ ಸೆರಗಿನ ಸೀರಿ ಅದರಾಗ ತೊಳದ್ರ ಬಣ್ಣ ಹೋಗಂಗಿಲ್ಲ, ಅಕ್ಕಸಾಲ್ಯಾರು ಬಂಗಾರ ತಿಕ್ಕೋದೂ ಅದರಾಗ. ತಲಿಗೂ ಅದೇ. ರಾತ್ರಿ ನೆನಿ ಹಾಕಿ, ಬೆಳಿಗ್ಗೆ ಕಿವುಚಿ, ಸೋಸಿ. ಪಾಕೀಟಿಲ್ಲ, ಬಾಟಲಿಲ್ಲ, ಕಾಡು ಕಡಿಯೋದಿಲ್ಲ, ವಿಷ ಇಲ್ಲ. ಇಷ್ಟ ಸರಳ ಇರೋದನ್ನ ಯಾಕ ಇಷ್ಟ ಗೋಜಲ ಮಾಡ್ತೀರಿ?

ರಸಾಯನ ಮಾಸ್ತರ · ಬಾಗಲಕೋಟೆ
ವಿಷ ಇಲ್ಲ ಎಂಬುದೊಂದು ಬಿಟ್ಟು ಉಳಿದದ್ದೆಲ್ಲ ಸರಿ ಅಕ್ಕ. ಅಂಟವಾಳ, ಶೀಗೆ ಎರಡರಲ್ಲೂ ನೊರೆ ಕೊಡುವುದು ಸಪೋನಿನ್. ಅದು ಮೀನಿನ ಕಿವಿರಿಗೆ ನೇರ ಪೆಟ್ಟು. ಸಪೋನಿನ್ ಇರುವ ಕಾಯಿ, ತೊಗಟೆ ಜಜ್ಜಿ ಹಳ್ಳದ ಮಡುವಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಜಗತ್ತಿನ ಎಷ್ಟೋ ಕಡೆ ಇತ್ತು. ಈಗಲೂ ಮೀನು, ಸೀಗಡಿ ಸಾಕುವವರು ಹೊಂಡದ ಬೇಡದ ಮೀನು ಕೊಲ್ಲಲು ಚಹಾ ಬೀಜದ ಹಿಂಡಿ ಹಾಕುತ್ತಾರೆ. ಅದರಲ್ಲಿ ಕೆಲಸ ಮಾಡುವುದೂ ಸಪೋನಿನ್ನೇ. ಹಾಗಾಗಿ ನಿಂತ ಹೊಂಡದಲ್ಲಿ ಅಂಟವಾಳದ ನೊರೆಯೂ ಬೇಡ. ಮನೆಯ ಬಚ್ಚಲಿನಲ್ಲಿ ತೊಳೆದು ಆ ನೀರು ತೆಂಗಿನ ಬುಡಕ್ಕೆ ಹೋದರೆ ಏನೂ ತೊಂದರೆಯಿಲ್ಲ.

ಇಳಕಲ್ ಸೆರಗು · ಇಳಕಲ್ಲ
ಅಂದ್ರ ನಮ್ಮ ಮುತ್ತಜ್ಜಿನೂ ಮೀನ ಕೊಂದಾಳ ಅಂತೀರಿ.

ರಸಾಯನ ಮಾಸ್ತರ · ಬಾಗಲಕೋಟೆ
ಮುತ್ತಜ್ಜಿ ಬಚ್ಚಲ ಬಿಟ್ಟು ಹೊಳೆಗೆ ಬಂದು ಅಂಟವಾಳ ಕಿವುಚಿರಲಿಕ್ಕಿಲ್ಲ ಬಿಡಿ.

ತೋಟದ ಮನಿ · ಖಾನಾಪುರ
ಶೀಗಿ ನಮ್ಮ ಕಡೆ ಅಡವ್ಯಾಗ ಬೆಳೀತೈತಿ. ಮೈತುಂಬ ಮುಳ್ಳು, ಗಿಡ ಹಿಡದು ಏರೋ ಬಳ್ಳಿ. ಕಾಯಿ ಬಿಡಸಾಕ ಹೋದವರ ಕೈ ನೋಡ್ರಿ ಗೊತ್ತಾಗ್ತೈತಿ. ಬೆಂಗಳೂರಾಗ "ನೈಸರ್ಗಿಕ" ಅಂತ ಡಬ್ಬಿ ತುಂಬಿ ಮಾರ್ತಾರಲ್ಲ, ಬಿಡಿಸಿದವನಿಗೆ ಅದರಾಗ ಎಷ್ಟು ಸಿಗ್ತೈತಿ ಕೇಳಬ್ಯಾಡ್ರಿ. ರಾಜ್ಯದ ಆರೂವರೆ ಕೋಟಿ ಮಂದಿ ಒಮ್ಮೆಲೆ ಶೀಗಿಗೆ ವಾಪಸ್ ಬಂದ್ರ ಅಡವಿ ಉಳ್ಯಾಂಗಿಲ್ಲ. ಬೇಲಿಗೆ ಹಚ್ಚಿ ಬೆಳಸಾಕ ಬರ್ತೈತಿ, ಮಂಗ್ಯಾ ಬರಂಗಿಲ್ಲ, ಆನಿ ಮಾತ್ರ ಅದಕ್ಕೂ ಅಂಜಂಗಿಲ್ಲ.

ಪಾರ್ಲರ್ ವೈನಿ · ಬೆಳಗಾವಿ ಶಹಾಪುರ
ನಾನು ದಿನಾ ಮಂದಿ ತಲಿ ತೊಳಿಯಾಕಿ. ಸಿಟ್ಟಾಗಬ್ಯಾಡ್ರಿ, ಶೀಗಿಕಾಯಿ ಪುಡಿ ಅಂತ ಬರೋದ್ರಾಗ ಅರ್ಧಕ್ಕರ್ಧ ಕಡ್ಲಿಹಿಟ್ಟು, ಸಿಪ್ಪಿ ಎಲ್ಲಾ ಕಲಸಿರ್ತೈತಿ. ಕೂದಲಾಗ ಸಿಕ್ಕೊಂಡ ಪುಡಿ ತೆಗಿಯಾಕ ಎರಡು ಬಕೀಟು ನೀರು ಹೆಚ್ಚು ಬೇಕು. ನೀರು ಉಳಸೋದು ಪರಿಸರ ಅಲ್ಲೇನು?

ಆಮ್ಯಾಲ ಎಲ್ಲಾರೂ ಹಾಕೋ ಪ್ರಮಾಣ. ಬಾಟಲಿ ಇದ್ದವರು ಅಂಗೈ ತುಂಬ ಸುರಕೋತಾರ. ಪಾಕೀಟಿನವರು ಅಷ್ಟರಾಗ ಮುಗಸ್ತಾರ, ಕೆಲವರು ಅರ್ಧ ಮಡಚಿ ಕಿಡಕ್ಯಾಗ ಇಟ್ಟು ಮುಂದಿನ ವಾರ ತಗೀತಾರ. ಶಾಂಪೂ ಉಳಸೋದ್ರಾಗ ಪಾಕೀಟೇ ಮುಂದ, ಇದನ್ನ ಯಾರೂ ಹೇಳಂಗಿಲ್ಲ. ದೀಪಾವಳಿಗೆ ಉಟಣ ಹಚ್ಚಿ ಎಣ್ಣಿ ನೀರು ಹಾಕ್ಕೊಳ್ಳೋ ದಿನ ಮಾತ್ರ ನಮ್ಮ ಮನ್ಯಾಗ ರೀಠಾ, ಅದೇ ಅಂಟವಾಳ, ಹೊರಗ ಬರ್ತೈತಿ.

ಗೋಳಗುಮ್ಮಟ ಪ್ರತಿಧ್ವನಿ · ವಿಜಯಪುರ
ವೈನಿ, ನಿಮ್ಮೂರಾಗ ಸಿಹಿನೀರು ಅದ. ನಮ್ಮ ಬೋರಿನ ನೀರಿಗೆ ಬಂದು ನೋಡ್ರಿ. ಮೈಸೋಪು ತಲಿಗೆ ಹಚ್ಚಿದ್ರ ಮೊಸರಿನಂಗ ಗಟ್ಟಿ ಕೂಡ್ತದ, ಬಾಚಣಿಕಿ ಹಾಯೋದಿಲ್ಲ. ನಮಗ ಶಾಂಪೂ ಶೋಕಿ ಅಲ್ಲ.

ರಸಾಯನ ಮಾಸ್ತರ · ಬಾಗಲಕೋಟೆ
ಗಡಸು ನೀರಿನ ಕ್ಯಾಲ್ಸಿಯಂ ಸೋಪನ್ನು ಹಿಡಿದು ಗಸಿ ಮಾಡುತ್ತದೆ. ಶಾಂಪೂವಿನ ಸಲ್ಫೇಟಿಗೆ ಅಷ್ಟು ತೊಂದರೆಯಿಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಡ್ರೀನ್ ಎಂಬ ಶಾಂಪೂ ಬಂದಾಗ ಅದರ ಹೆಚ್ಚುಗಾರಿಕೆ ಇದೇ ಆಗಿತ್ತು. ಸೋಪು ಸೋಲುವ ನೀರಿನಲ್ಲಿ ಅದು ಗೆದ್ದಿತು. ಸಪೋನಿನ್ ಕೂಡ ಕ್ಯಾಲ್ಸಿಯಂಗೆ ಗಸಿ ಕಟ್ಟುವುದಿಲ್ಲ. ಆದ್ದರಿಂದ ವಿಜಯಪುರದ ನೀರಿಗೆ ಅಂಟವಾಳ ಆಗುತ್ತದೆ, ಸೋಪು ಆಗುವುದಿಲ್ಲ. ಕೊನೆಯಲ್ಲಿ ಲಿಂಬೆಹಣ್ಣು ಹಿಂಡಿದ ಒಂದು ತಂಬಿಗೆ ನೀರು ಸುರಿದುಕೊಂಡು ನೋಡಿ.

ಜ್ವಾಳದ ರೊಟ್ಟಿ · ಸಿಂದಗಿ
ನಮ್ಮಜ್ಜಿ ಎರಿಮಣ್ಣು ಹಚ್ಚಿ ತಲಿ ತೊಳಕೊತಿದ್ಲು. ಹೊಲದಾಗ ಆಳಕ್ಕ ಅಗದು ಹಳ್ಳಿಲ್ಲದ ಮಣ್ಣು ತಂದು, ನೆನಿಸಿ, ಬಸಿದು. ಕೂದಲ ರೇಶಿಮಿ ಎಳಿ. ಯಾರೂ ನಂಬೋದಿಲ್ಲ ಹೇಳಿದ್ರ.

ರಸಾಯನ ಮಾಸ್ತರ · ಬಾಗಲಕೋಟೆ
ನಾನು ನಂಬುತ್ತೇನೆ. ಮೊರಾಕ್ಕೋದಲ್ಲಿ ಅಟ್ಲಾಸ್ ಬೆಟ್ಟದ ಕಡೆ ಸಿಗುವ ಗಸೂಲ್ ಎಂಬ ಜೇಡಿಮಣ್ಣಿನಿಂದ ತಲೆ ತೊಳೆಯುವುದು ಶತಮಾನಗಳ ರೂಢಿ. ಅದು ಸ್ಮೆಕ್ಟೈಟ್ ಎಂಬ ಖನಿಜ ಗುಂಪಿಗೆ ಸೇರಿದ್ದು. ನಮ್ಮ ಎರೆಮಣ್ಣಿನ ಜೇಡಿಯೂ ಬಹುಪಾಲು ಅದೇ ಗುಂಪಿನದು. ನೀರು ಕುಡಿದು ಉಬ್ಬುತ್ತದೆ, ಜಿಡ್ಡು ಹೀರುತ್ತದೆ. ಬೇಸಿಗೆಯಲ್ಲಿ ನಿಮ್ಮ ಹೊಲ ಬಿರಿಯುವುದೂ, ಅಜ್ಜಿಯ ತಲೆ ಶುಭ್ರವಾಗುತ್ತಿದ್ದುದೂ ಒಂದೇ ಗುಣದಿಂದ.

ಪಾರ್ಲರ್ ವೈನಿ · ಬೆಳಗಾವಿ ಶಹಾಪುರ
ಎರಿಮಣ್ಣು ಅಪಾರ್ಟ್‌ಮೆಂಟಿನ ಪೈಪಿನಾಗ ಬಿಟ್ಟು ನೋಡ್ರಿ, ಕೆಳಗಿನ ಮನಿಯವರು ನಿಮ್ಮ ತಲಿ ತೊಳೀತಾರ.

ಬೆಂಗಳೂರು ಬಾಗಲಕೋಟಿ · ಸದ್ಯಕ್ಕ ಬೆಂಗಳೂರು
ಚೀನಾದ ಗ್ವಾಂಗ್ಶಿಯೊಳಗ ಹುವಾಂಗ್ಲುವೊ ಅಂತ ಯಾವೋ ಜನರ ಹಳ್ಳಿ ಐತಿ. ಅಲ್ಲಿನ ಹೆಣಮಕ್ಕಳು ಅಕ್ಕಿ ತೊಳೆದ ನೀರು ಹುಳಿ ಬರಿಸಿ ತಲಿಗೆ ಹಾಕ್ತಾರ, ಕೂದಲ ಕಾಲಿನ ತನಕ. ನೋಡಾಕ ಪ್ರವಾಸಿಗರು ಸಾಲು ಹಚ್ಚತಾರ.

ಜ್ವಾಳದ ರೊಟ್ಟಿ · ಸಿಂದಗಿ
ನಮ್ಮಲ್ಲಿ ಅಕ್ಕಿ ಎಲ್ಲಿ ತರೂದು, ಜ್ವಾಳದ ಅಂಬಲಿ ಸುರಕೊಳ್ಳಣೇನು?

ಮಲಪ್ರಭಾ ದಂಡಿ · ಹುನಗುಂದ
ಅಂಬಲಿ ಕುಡೀರಿ, ತಲಿಗೆ ಬ್ಯಾಡ. ಪಾಕೀಟಿನ ಕಡೆ ಬರ್ರಿ ಎಲ್ಲಾರೂ. ಅದು ಏನ್ ಆಗ್ತೈತಿ ಕಡೀಕ? ಕಸದ ಗಾಡ್ಯಾಗ ಹಾಕಿದ್ರ ಪ್ಲಾಸ್ಟಿಕ್ ಜೋಡಿ ಮತ್ತ ಕೆಲಸಕ್ಕ ಬರ್ತೈತೋ ಇಲ್ಲೋ?

ಬೆಂಗಳೂರು ಬಾಗಲಕೋಟಿ · ಸದ್ಯಕ್ಕ ಬೆಂಗಳೂರು
ಬರಂಗಿಲ್ಲ. ನಾ ಪ್ಯಾಕೇಜಿಂಗ್ ಕೆಲಸದಾಗ ಅದೀನಿ, ಹೇಳ್ತೀನಿ. ನಮ್ಮ ಕೈಗೆ ಸಿಗೋದು ಒಂದು ಹಾಳಿ ಅಂತ ಕಾಣ್ತೈತಿ. ಅದರಾಗ ಎರಡು ಮೂರು ಪದರ ಅಂಟಿಸಿರ್ತಾರ. ಮ್ಯಾಲ ಬಣ್ಣ ಹಚ್ಚಾಕ ಪಾಲಿಯೆಸ್ಟರ್, ನಡುವ ಗಾಳಿ ವಾಸನಿ ತಡಿಯಾಕ ಅಲ್ಯೂಮಿನಿಯಂ, ಒಳಗ ಬಿಸಿ ಮಾಡಿ ಬಾಯಿ ಮುಚ್ಚಾಕ ಪಾಲಿಥಿನ್. ಒಂದರಿಂದ ಒಂದು ಬಿಡಿಸಬೇಕಂದ್ರ ಖರ್ಚು ಭಾಳ. ಅದಕ್ಕ ಚಿಂದಿ ಆಯೋರು ಮುಟ್ಟಂಗಿಲ್ಲ. ನೀರಿನ ಬಾಟಲಿಗೆ ರೇಟ್ ಐತಿ, ಹಾಲಿನ ಪಾಕೀಟಿಗೆ ರೇಟ್ ಐತಿ, ಇದಕ್ಕ ಇಲ್ಲ. ದಿನಾ ಆಯ್ದರೂ ಅರ್ಧ ಕಿಲೋ ಆಗಬೇಕಂದ್ರ ಸೊಂಟ ಬೀಳ್ತೈತಿ.

ಆಯ್ದು ಕೂಡಿಸಿದ್ದು ಹೆಚ್ಚಾಗಿ ಸಿಮೆಂಟ್ ಭಟ್ಟಿಗೆ ಹೋಗ್ತೈತಿ, ಕಲ್ಲಿದ್ದಲ ಜೋಡಿ ಉರಿಯಾಕ. ಸುಣ್ಣಕಲ್ಲು, ಸಿಮೆಂಟು ಎರಡೂ ನಮ್ಮ ಬಾಗಲಕೋಟಿ ಜಿಲ್ಲಾದಾಗ ಅದಾವು, ಅಂದಮ್ಯಾಲ ಭಟ್ಟಿ ದೂರ ಇಲ್ಲ. ಆದ್ರ ಸುಡೋದನ್ನ ಮರುಬಳಕಿ ಅನ್ನಾಕ ನನ್ನ ನಾಲಿಗಿ ಏಳಂಗಿಲ್ಲ.

ಕಾನೂನು ಕೇಳಿದ್ರ, 2016ರ ಪ್ಲಾಸ್ಟಿಕ್ ನಿಯಮದಾಗ ಗುಟಕಾ, ತಂಬಾಕು, ಪಾನ್ ಮಸಾಲಾಕ್ಕ ಪ್ಲಾಸ್ಟಿಕ್ ಪಾಕೀಟು ನಿಷೇಧ ಐತಿ. 2022ರ ಜುಲೈ 1ಕ್ಕ ಪ್ಲಾಸ್ಟಿಕ್ ಸ್ಟ್ರಾ, ಚಮಚಾ, ಅಲಂಕಾರದ ಥರ್ಮಾಕೋಲ್ ಎಲ್ಲಾ ಬಂದ್ ಆದ್ವು. ಶಾಂಪೂ ಪಾಕೀಟು ಆ ಯಾದ್ಯಾಗ ಇಲ್ಲ. ಅದರ ಬದಲಿ, ಮಾಡಿದ ಕಂಪನಿನ ಅಷ್ಟೇ ತೂಕದ ಕಸ ವಾಪಸ್ ಎತ್ತಬೇಕು ಅಂತ 2022ರ ಫೆಬ್ರುವರಿಯಾಗ ಮಾರ್ಗಸೂಚಿ ಬಂತು. ಕಾಗದದ ಮ್ಯಾಲ ತೂಕ ಕೂಡ್ತೈತಿ. ಬೆಳಗಾವಿ ದೊಡ್ಡ ಗೋಡಾವ್ನಿಂದ ಎತ್ತಿದ್ರೂ ಅದು ಲೆಕ್ಕಕ್ಕ ಬಂತು, ಹೊಳಿ ಮೆಟ್ಟಲ ಮ್ಯಾಲಿಂದು ಅಲ್ಲೇ ಉಳೀತು.

ಘಟಪ್ರಭಾ ಗಾಳಿ · ಹುಕ್ಕೇರಿ
ಇದು ಮಾತು ಅಂದ್ರ. ಮಾರಿದವನು ಆರಾಮ ಕುಂತ, ಹರಕೊಂಡವನಿಗೆ ದಂಡ.

ಹಂಡೆ ಒಲಿ · ಜಮಖಂಡಿ
ಪಾಕೀಟಿನ ಕಥಿ ಎಲ್ಲಿಂದ ಸುರು ಆತು ಗೊತ್ತೇನ್ರಿ? ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಅನ್ನೋರು. ಶ್ರೀಮಂತರು ಬಳಸೋದು ಕೂಲಿಯವರಿಗೂ ಸಿಗಬೇಕು ಅಂತ ಸಣ್ಣ ಪಾಕೀಟಿನ ಉಪಾಯ ತಗದ್ರು. ಅವರು ತೀರಿಕೊಂಡಮ್ಯಾಲ ಮಕ್ಕಳು ಅದೇ ಪಾಕೀಟಿನಾಗ ವೆಲ್ವೆಟ್ ಶಾಂಪೂ ತಂದ್ರು. ಆ ಮಕ್ಕಳಾಗ ಒಬ್ಬರಾದ ಸಿ.ಕೆ. ರಂಗನಾಥನ್ 1983ರಾಗ ಮನಿ ಬಿಟ್ಟು ಹದಿನೈದು ಸಾವಿರ ರೂಪಾಯಿ ಹಾಕಿ ಚಿಕ್ ಶಾಂಪೂ ತಂದ್ರು. ಅವರು ಮಾಡಿದ್ದು ಕೇಳ್ರಿ: ಯಾವ ಕಂಪನಿದಾದ್ರೂ ಆಗಲಿ, ಐದು ಖಾಲಿ ಪಾಕೀಟು ತಂದು ಕೊಟ್ರ ಒಂದು ಚಿಕ್ ಪಾಕೀಟು ಪುಕ್ಕಟೆ! ಆಮ್ಯಾಲ ಚಿಕ್‌ನ ಖಾಲಿ ಪಾಕೀಟೇ ತರಬೇಕು ಅಂದ್ರು. ಧಂದೆ ಬೆಳೆಸೋ ಉಪಾಯ ಅದು, ಕಸದ ಚಿಂತಿ ಅಲ್ಲ. ಆದ್ರ ಮಂದಿ ಖಾಲಿ ಪಾಕೀಟು ಮಡಚಿ ಇಟ್ಟು ತಂದು ಕೊಡ್ತಿದ್ರು, ಇದು ಆಗಿ ಹೋದ ಮಾತು. ಅಂದ್ರ ವಾಪಸ್ ತರಸಾಕ ಬರ್ತೈತಿ. ಕಂಪನಿಗೆ ಬೇಕಾದಾಗ ಬಂದಿತ್ತು.

ಮಲಪ್ರಭಾ ದಂಡಿ · ಹುನಗುಂದ
ಇದು ನನಗ ಗೊತ್ತಿದ್ದಿಲ್ಲ. ಇದಕ್ಕ ನಾನು ಪ್ರಶ್ನಿ ಹಾಕಿದ್ದು.

ಕಿರಾಣಿ ಕಟ್ಟಿ · ಮುದ್ದೇಬಿಹಾಳ
ಖಾಲಿ ಪಾಕೀಟು ನಾ ತಗೋತೀನಿ, ತಗೊಂಡು ಎಲ್ಲಿ ಇಡ್ಲಿ? ಒಳಗ ಉಳಿದಿದ್ದು ಸೋರಿ ಇರುವಿ, ಜಿರಳಿ, ವಾಸನಿ. ಏಜೆಂಟ ಬಂದು ಪ್ರತಿ ವಾರ ಒಯ್ದು, ಪಾಕೀಟಿಗೆ ಇಷ್ಟು ಪೈಸಾ ಅಂತ ನನಗ ಕೈಬಿಟ್ರ ಮಾತ್ರ ಆಗ್ತದ. ಇಲ್ಲಂದ್ರ ಅದು ನನ್ನ ಅಂಗಡಿ ಹಿಂದಿನ ಗಟಾರಕ್ಕೇ ಹೋಗೋದು, ಖರೆ ಹೇಳ್ತೀನಿ.

ಕೋಟೆ ಕೆರೆ · ಬೆಳಗಾವಿ
ಬೇರೆ ದೇಶ ಕೇಳಿದಿರಿ. ಶ್ರೀಲಂಕಾ 2021ರಲ್ಲಿ 20 ಮಿಲಿಲೀಟರ್‌ಗಿಂತ ಸಣ್ಣ ಪ್ಲಾಸ್ಟಿಕ್ ಪಾಕೀಟುಗಳನ್ನು ನಿಷೇಧಿಸಿತು, ಆಹಾರ ಮತ್ತು ಔಷಧ ಬಿಟ್ಟು. ಫಿಲಿಪ್ಪೀನ್ಸ್ ಇದರಲ್ಲಿ ನಮಗಿಂತ ಒಂದು ಕೈ ಮೇಲು: ಕಾಫಿ, ಸಾಸ್, ಶಾಂಪೂ ಎಲ್ಲ ಸೇರಿ ದಿನಕ್ಕೆ ಸುಮಾರು 16 ಕೋಟಿ ಪಾಕೀಟು ಬಳಕೆಯಾಗುತ್ತವೆ ಎಂದು ಅಲ್ಲಿನ ಪರಿಸರ ಸಂಘಟನೆಗಳು 2019ರಲ್ಲಿ ಲೆಕ್ಕ ಹಾಕಿದ್ದವು. ನಮ್ಮ ಮಗ್ಗುಲಿಗೆ ಕೇರಳ ಹೈಕೋರ್ಟ್ 2025ರಲ್ಲಿ ಶಬರಿಮಲೆ ಯಾತ್ರೆಯ ಜಾಗಗಳಲ್ಲಿ ಶಾಂಪೂ ಪಾಕೀಟು ಮಾರಾಟ ನಿಲ್ಲಿಸಿತು. ಮಾಲೆ ಹಾಕಿ ಹೋಗುವ ನಮ್ಮವರಿಗೆ ಗೊತ್ತಿರಲಿ.

ಕ್ಯಾಲಿಫೋರ್ನಿಯಾದಲ್ಲಿ ಹೋಟೆಲಿನ ಬಚ್ಚಲಲ್ಲಿ ಇಡುವ ಸಣ್ಣ ಪ್ಲಾಸ್ಟಿಕ್ ಬಾಟಲಿಗೂ 2023ರಿಂದ ತಡೆ, ಮೊದಲು 50ಕ್ಕಿಂತ ಹೆಚ್ಚು ಕೋಣೆಯ ಹೋಟೆಲಿಗೆ. ಗೋಡೆಗೆ ದೊಡ್ಡ ಡಬ್ಬಿ ಬಡಿದು ಒತ್ತಿಕೊಳ್ಳಿ ಅಂತಾರೆ.

ಕರದಂಟು ಪ್ರಿಯ · ಗೋಕಾಕ
ನಮ್ಮ ಲಾಡ್ಜಿನಾಗ ಗೋಡಿಗೆ ಬಡದ್ರ ಮರುದಿನ ಗೋಡಿ ಅಷ್ಟ ಇರ್ತೈತಿ.

ಇಳಕಲ್ ಸೆರಗು · ಇಳಕಲ್ಲ
ಮಗ ಜಪಾನದಾಗ ಅದಾನ. ಅಲ್ಲಿ ಬಾಟಲಿ ಒಂದೇ ಸಲ ತಗೋತಾರಂತ, ಆಮ್ಯಾಲ ಅಂಗಡ್ಯಾಗ ತೆಳ್ಳನ ಚೀಲದಾಗ ಬರೋ ಶಾಂಪೂ ತಂದು ಬಾಟಲಿಗೆ ಸುರಕೋತಾರಂತ. ಬಾಟಲಿಗಿಂತ ಅದರಾಗ ಪ್ಲಾಸ್ಟಿಕ್ ಭಾಳ ಕಡಿಮಿ. ಇನ್ನೊಂದು ಹೇಳಿದ, ಶಾಂಪೂ ಬಾಟಲಿ ಮಗ್ಗಲಿಗೆ ಗೀರು ಗೀರು ಇರ್ತಾವಂತ, ಕಣ್ಣು ಕಾಣದವರು ಕೈಯಾಡಿಸಿ ಇದು ಶಾಂಪೂ, ಇದು ಕಂಡೀಷನರ್ ಅಂತ ತಿಳ್ಕೋಬೇಕು ಅಂತೇಳಿ. ಕಣ್ಣಾಗ ನೊರಿ ಇದ್ದ ನಮ್ಮಂಥವರಿಗೂ ಆತು.

ಕೋಟೆ ಕೆರೆ · ಬೆಳಗಾವಿ
ಹೌದು, ಕಾವೊ ಕಂಪನಿ 1991ರಲ್ಲಿ ಸುರು ಮಾಡಿದ್ದು. ಬೇರೆ ಕಂಪನಿಗಳೂ ಹಿಂಬಾಲಿಸಿದವು.

ತೋಟದ ಮನಿ · ಖಾನಾಪುರ
ಶಾಂಪೂ ಸಾಬಾಣದಂಗ ಗಟ್ಟಿ ಬಿಲ್ಲೆ ಬರ್ತೈತಲ್ಲ, ಅದು ಹೆಂಗ? ಕಾಗದದಾಗ ಸುತ್ತಿ ಕೊಡ್ತಾರ.

ಪಾರ್ಲರ್ ವೈನಿ · ಬೆಳಗಾವಿ ಶಹಾಪುರ
ಚಲೋ ಐತಿ, ಆದ್ರ ತೊಯ್ದ ಜಾಗಾದಾಗ ಇಟ್ರ ಎರಡು ವಾರದಾಗ ಲೋಳಿ. ಮತ್ತ ಕೆಲವು ಬರೀ ಸೋಪು, ಹೆಸರಷ್ಟ ಶಾಂಪೂ. ವಿಜಯಪುರದವರು ಅದನ್ನ ತಗೊಂಡ್ರ ಮತ್ತ ಅದೇ ಮೊಸರು. ಕಟ್ಟಿನ ಹಿಂದ ಓದಿ ತಗೋರಿ.

ಹಂಡೆ ಒಲಿ · ಜಮಖಂಡಿ
ಒಂದು ಲೆಕ್ಕ ಯಾರೂ ಎತ್ತಿಲ್ಲ. ಬಿಸಿನೀರು. 20 ಲೀಟರ್ ನೀರು 25 ಡಿಗ್ರಿಯಿಂದ 40ಕ್ಕ ಕಾಯಬೇಕಂದ್ರ ಸುಮಾರು 0.35 ಯೂನಿಟ್ ಕರೆಂಟ್ ಬೇಕು, ಗೀಸರ್ ಕಳಕೊಳ್ಳೋದು ಬಿಟ್ಟು. ನಮ್ಮ ದೇಶದ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊಂಡ್ತೈತಿ. ಅಂದ್ರ ಒಂದು ತಲಿ ಸ್ನಾನಕ್ಕ ಕಾಲು ಕಿಲೋ. ಪಾಕೀಟಿನಾಗಿನ ಆರು ಮಿಲಿಲೀಟರ್ ಶಾಂಪೂ ಇದರ ಮುಂದ ಏನೂ ಅಲ್ಲ. ದೊಡ್ಡ ಕಂಪನಿಗಳೂ ತಮ್ಮ ಶಾಂಪೂದ ಹೊಗಿ ಲೆಕ್ಕ ಹಾಕಿದಾಗ ಹೆಚ್ಚಿನ ಪಾಲು ಫ್ಯಾಕ್ಟರ್‍ಯಾಗ ಅಲ್ಲ, ಮಂದಿ ಬಚ್ಚಲದಾಗ ಬಂದೈತಿ. ಹೊಳ್ಯಾಗ ಥಣ್ಣೀರಾಗ ತೊಳಕೊಳ್ಳೋ ಯಾತ್ರಿಕ ಈ ಲೆಕ್ಕದಾಗ ಎಲ್ಲಾರಿಗಿಂತ ಸ್ವಚ್ಛ.

ಘಟಪ್ರಭಾ ಗಾಳಿ · ಹುಕ್ಕೇರಿ
ನಾ ಮೊದಲಿಂದ ಇದನ್ನ ಹೇಳಾಕತ್ತೀನಿ. ಕಬ್ಬಿನ ಹೊಲದ ಔಷಧ, ಫ್ಯಾಕ್ಟರಿ ನೀರು, ಊರ ಗಟಾರ, ಎಲ್ಲಾ ಬಿಟ್ಟು ತಲಿ ತೊಳಿಯೋನ ಹಿಡದ್ರು.

ರಸಾಯನ ಮಾಸ್ತರ · ಬಾಗಲಕೋಟೆ
ಗಟಾರದ ಮಾತು ಒಪ್ಪುತ್ತೇನೆ. ಆದರೆ ಮನೆಯಲ್ಲಿ ಹಾಕಿದ ಶಾಂಪೂ ಹೋಗುವುದೂ ಆ ಗಟಾರಕ್ಕೇ, ಗಟಾರ ಹೋಗುವುದು ಹೊಳೆಗೇ. ಶುದ್ಧೀಕರಣ ಘಟಕ ಇದ್ದ ಊರಲ್ಲಿ ಸಲ್ಫೇಟಿನ ಬಹುಪಾಲು ಅಲ್ಲೇ ಒಡೆಯುತ್ತದೆ, ಇಲ್ಲದ ಊರಲ್ಲಿ ಹೊಳೆಯೇ ಘಟಕ. ಬಾದಾಮಿ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ತಟ್ಟುವ ಸದ್ದು ಕೇಳಿದ್ದೀರಲ್ಲ, ಅಲ್ಲಿ ಶಾಂಪೂಗಿಂತ ಬಟ್ಟೆ ಪುಡಿಯ ಪಾಲು ಎಷ್ಟೋ ಪಟ್ಟು ಹೆಚ್ಚು. ಆದರೂ ಜಾತ್ರೆಯ ದಿನ ಹೊಂಡಕ್ಕೆ ನಿಯಮ ಬೇಡ ಎನ್ನಲಾರೆ. ಒಂದು ಕೆಟ್ಟದ್ದು ದೊಡ್ಡದಿದೆ ಎಂದು ಇನ್ನೊಂದನ್ನು ಬಿಡಬೇಕೆಂದಿಲ್ಲ.

ಘಟಪ್ರಭಾ ಗಾಳಿ · ಹುಕ್ಕೇರಿ
ನಿಯಮ ಇರ್ಲಿ, ಆದ್ರ ಮೊದಲ ತಲಿ ತೊಳಿಯಾಕ ಜಾಗಾ ಕೊಡ್ರಿ. ನಲ್ಲಿ, ಗ್ವಾಡಿ ಕಟ್ಟಿದ ಬಚ್ಚಲ, ನೀರು ಹೊಳಿಗೆ ಹೋಗದಂಗ ಒಂದು ಇಂಗುಗುಂಡಿ. ಚಿಂಚಲಿ ಮಾಯಕ್ಕನ ಜಾತ್ರಿಗೆ ಚಕ್ಕಡಿ ಕಟ್ಟಕೊಂಡು ದಿನಗಟ್ಟಲೆ ನಡದು ಬಂದ ಹೆಣಮಗಳಿಗೆ ತಲಿ ತೊಳಕೋಬ್ಯಾಡ ಅಂತ ಹೇಳಾಕ ನನಗ ನಾಚಿಕಿ ಆಗ್ತೈತಿ.

ಮಲಪ್ರಭಾ ದಂಡಿ · ಹುನಗುಂದ
ಇದಕ್ಕ ನನ್ನ ಪೂರ್ತಿ ಒಪ್ಪಿಗಿ. ಗಂಡಸರು ಚಡ್ಡಿ ಮ್ಯಾಲ ಎಲ್ಲಿ ಬೇಕಾದಲ್ಲಿ ಮುಳುಗ್ತಾರ. ಹೆಣಮಕ್ಕಳು ಮೆಟ್ಟಲ ಮ್ಯಾಲ ಒದ್ದಿ ಸೀರ್‍ಯಾಗ ಗಡಬಡಿಸಿ ಪಾಕೀಟು ಹರದು ಬಿಸಾಕಿ ಬರ್ತಾರ, ಯಾಕಂದ್ರ ನಿಂತು ಕಸದ ಡಬ್ಬಿ ಹುಡಕೋವಷ್ಟು ಮರೆ ಅಲ್ಲಿಲ್ಲ. ಇದನ್ನ ಯಾವ ಆದೇಶನೂ ಬರೆಯಂಗಿಲ್ಲ.

ಜ್ವಾಳದ ರೊಟ್ಟಿ · ಸಿಂದಗಿ
ಜಿಎಸ್‌ಟಿ 18ರಿಂದ 5ಕ್ಕ ಇಳೀತಲ್ಲ 2025ರ ಸೆಪ್ಟೆಂಬರಿನಾಗ, ಒಂದು ರೂಪಾಯಿ ಪಾಕೀಟು ಎಷ್ಟಾತು?

ಕಿರಾಣಿ ಕಟ್ಟಿ · ಮುದ್ದೇಬಿಹಾಳ
ಒಂದು ರೂಪಾಯಿನೇ. 89 ಪೈಸಾ ಕೊಡಾಕ ನಿನ್ನ ಹತ್ರ ಚಿಲ್ಲರ ಅದ ಏನು? ಕೆಲವು ಕಂಪನಿ ಒಳಗ ಒಂದಿಷ್ಟು ಹೆಚ್ಚು ತುಂಬ್ಯಾವ.

ಅಂದಹಾಂಗ ಹಂಡೆ ಒಲಿಯವರ ಮಾತು ತಲ್ಯಾಗ ಕುಂತದ. ಐದು ಖಾಲಿಗೆ ಒಂದು ಪುಕ್ಕಟೆ ಅಂತ ನಾನೇ ಒಂದು ಸಂತಿ ದಿನ ಹಚ್ಚಿದ್ರ ನನ್ನ ಕಿಸೆಯಿಂದ ಎಷ್ಟು ಹೋಗ್ತದ ಅಂತ ಲೆಕ್ಕ ಹಾಕಾಕತ್ತೀನಿ. ನೂರು ಖಾಲಿ ಬಂದ್ರ ಇಪ್ಪತ್ತು ರೂಪಾಯಿ. ಎರಡು ಚಹಾದ ರೊಕ್ಕ. ಆದ್ರ ಆ ನೂರು ಖಾಲಿ ಯಾರು ಒಯ್ತಾರ?

ಬೆಂಗಳೂರು ಬಾಗಲಕೋಟಿ · ಸದ್ಯಕ್ಕ ಬೆಂಗಳೂರು
ತೊಳೆದು ಒಣಗಿಸಿ ಚೀಲದಾಗ ಕಟ್ಟಿ ಇಡ್ರಿ. ಸಿಮೆಂಟ್ ಭಟ್ಟಿಗೆ ಕಸ ಒಯ್ಯೋರಿಗೆ ಒಂದು ಲಾರಿ ತುಂಬೋವಷ್ಟು ಬೇಕಾಗ್ತೈತಿ, ಒಂದು ಅಂಗಡಿದು ಸಾಕಾಗಂಗಿಲ್ಲ. ಊರಿನ ಅಂಗಡಿಯವರು ಎಲ್ಲಾ ಕೂಡಿದ್ರ ನಾ ಕೇಳಿ ನೋಡ್ತೀನಿ.

ಕಿರಾಣಿ ಕಟ್ಟಿ · ಮುದ್ದೇಬಿಹಾಳ
ಊರಿನ ಅಂಗಡಿಯವರು ಎಲ್ಲಾ ಕೂಡೋದು? ಗಣಪತಿ ಪಟ್ಟಿ ಕೇಳಾಕ ಹೋದ್ರೂ ಕೂಡೋದಿಲ್ಲ. ನೋಡ್ತೀನಿ.

ಕರದಂಟು ಪ್ರಿಯ · ಗೋಕಾಕ
ಐದು ಖಾಲಿ ಪಾಕೀಟಿಗೆ ಒಂದು ಕರದಂಟು ಕೊಡ್ರಿ, ಹೊಳಿ ಒಂದೇ ದಿನದಾಗ ಸ್ವಚ್ಛ.